ಕೊಟ್ಟಿಗೆಯಿಂದ ಮೊಬೈಲಿಗೆ: ವಾರಕ್ಕೊಂದು ವಿಡಿಯೊ, ತಿಂಗಳಿಗೊಂದು ಪತ್ರ

ಸಂಘಗಳ ಸಭೆಗೆ ಹೋದಾಗ ಮೇವಿನ ಬೀಜ, ವಿಮೆ, ಬೋನಸ್ ವಿಚಾರ ಎಲ್ಲ ಮುಗಿದು ಚಹಾ ಬರುವ ಹೊತ್ತಿಗೆ ಯಾರಾದರೊಬ್ಬರು ಮೆಲ್ಲಗೆ ಕೇಳುವ ಪ್ರಶ್ನೆ ಇದು: "ಮೇಡಂ, ಯೂಟ್ಯೂಬಲ್ಲಿ ವಿಡಿಯೊ ಹಾಕಿದ್ರೆ ದುಡ್ಡು ಬರುತ್ತಂತಲ್ಲ, ನಿಜವಾ?" ಕೇಳಿದವರು ಒಬ್ಬರೇ ಆದರೂ ಕಿವಿ ನಿಮಿರುವುದು ಎಲ್ಲರದೂ. ಆದ್ದರಿಂದ ಈ ಸಂಚಿಕೆಯಲ್ಲಿ ಅದನ್ನೇ ಬಿಡಿಸಿ ಬರೆಯುತ್ತಿದ್ದೇವೆ.

ನಿಜ, ಬರುತ್ತದೆ. ಆದರೆ ಹಾಲಿನ ಬಟವಾಡೆಯ ಹಾಗೆ ಬರುವುದಿಲ್ಲ. ಡೇರಿಗೆ ಇವತ್ತು ಹಾಲು ಹಾಕಿದರೆ ಇವತ್ತೇ ಲೆಕ್ಕಕ್ಕೆ ಬೀಳುತ್ತದೆ. ಯೂಟ್ಯೂಬಿನವರು ನಿಮ್ಮ ವಿಡಿಯೊ ಮೇಲೆ ಬರುವ ಜಾಹೀರಾತಿನ ಪಾಲು ಕೊಡಬೇಕಾದರೆ ಮೊದಲು 1000 ಜನ ಚಂದಾದಾರರು ಇರಬೇಕು. ಜೊತೆಗೆ ಹಿಂದಿನ 12 ತಿಂಗಳಲ್ಲಿ ಜನ ನಿಮ್ಮ ವಿಡಿಯೊಗಳನ್ನು ಒಟ್ಟು 4000 ಗಂಟೆ ನೋಡಿರಬೇಕು, ಇಲ್ಲವೇ 90 ದಿನದಲ್ಲಿ ನಿಮ್ಮ ಚಿಕ್ಕ ವಿಡಿಯೊಗಳನ್ನು, ಅಂದರೆ ಶಾರ್ಟ್ಸ್ ಅನ್ನು, ಒಂದು ಕೋಟಿ ಸಲ ನೋಡಿರಬೇಕು. 4000 ಗಂಟೆ ಎಂದರೆ 2,40,000 ನಿಮಿಷ. ಒಬ್ಬೊಬ್ಬರು ಮೂರು ನಿಮಿಷ ನೋಡಿದರು ಎಂದುಕೊಂಡರೂ ವರ್ಷದೊಳಗೆ 80,000 ಸಲ ನೋಡಿರಬೇಕು. ಅಷ್ಟಾದ ಮೇಲೂ ಖಾತೆಯಲ್ಲಿ 100 ಡಾಲರ್ ಸೇರುವ ತನಕ ಹಣ ಕೈಗೆ ಸಿಗುವುದಿಲ್ಲ. ಒಂದು ಹೆಣ್ಣು ಕರು ಬೆಳೆದು, ಬೆದೆಗೆ ಬಂದು, ಗಬ್ಬ ಕಟ್ಟಿ, ಈದು ಹಾಲು ಕೊಡುವಷ್ಟು ಕಾಲ ಬೇಕೆಂದೇ ಇಟ್ಟುಕೊಳ್ಳಿ. ಕರು ಸಾಕುವ ತಾಳ್ಮೆ ನಿಮಗೆ ಹೊಸದಲ್ಲ.

ಜಾಹೀರಾತಿನ ಹಣವೊಂದನ್ನೇ ನಂಬಿ ಇದಕ್ಕೆ ಇಳಿಯಬೇಡಿ ಎನ್ನುವುದು ನಮ್ಮ ಅಭಿಪ್ರಾಯ. ನಿಮ್ಮನ್ನು ನಂಬುವ, ನಿಮ್ಮ ಮಾತು ಕೇಳುವ ಇನ್ನೂರು ಮುನ್ನೂರು ಮನೆಗಳು ಸಿಕ್ಕರೆ ಅದರ ಬೆಲೆಯೇ ಬೇರೆ. ಎರೆಗೊಬ್ಬರ, ತುಪ್ಪ, ಬೆರಣಿ, ಮನೆಯಲ್ಲೇ ಹುಟ್ಟಿ ಬೆಳೆದ ಪಡ್ಡೆ ಎಲ್ಲಕ್ಕೂ ಗಿರಾಕಿ ಅಲ್ಲಿಂದ ಬರುತ್ತಾರೆ.

ಓದು ಬರದಿದ್ದರೆ ಆಗುವುದಿಲ್ಲವೇ?

ಪಕ್ಕದ ತೆಲಂಗಾಣದಲ್ಲಿ, ಜಗಿತ್ಯಾಲ ಜಿಲ್ಲೆಯ ಲಂಬಾಡಿಪಲ್ಲಿ ಎಂಬ ಹಳ್ಳಿಯಲ್ಲಿ ಗಂಗವ್ವ ಇದ್ದಾರೆ. ಹೊಲದ ಕೂಲಿ ಮಾಡಿ, ಬೀಡಿ ಕಟ್ಟಿ ಸಂಸಾರ ತೂಗಿಸಿದವರು. ಶಾಲೆಯ ಓದಿಲ್ಲ. ಅಳಿಯ ಶ್ರೀಕಾಂತ್ ನಡೆಸುತ್ತಿದ್ದ 'ಮೈ ವಿಲೇಜ್ ಷೋ' ಎಂಬ ಯೂಟ್ಯೂಬ್ ಚಾನೆಲಿನಲ್ಲಿ, ಐವತ್ತು ದಾಟಿದ ಮೇಲೆ, ಕ್ಯಾಮೆರಾ ಮುಂದೆ ನಿಂತರು. ಮನೆಯಲ್ಲಿ ಆಡುವ ತಮ್ಮ ತೆಲಂಗಾಣದ ತೆಲುಗನ್ನೇ ಆಡಿದರು, ಬೈಯುವುದನ್ನೂ ಹಾಗೇ ಬೈದರು. 2020ರಲ್ಲಿ ತೆಲುಗು ಬಿಗ್ ಬಾಸ್ ಮನೆಗೆ ಹೋಗುವಷ್ಟು ಹೆಸರಾಯಿತು. ಅವರಂತೆ ಎಲ್ಲರೂ ಆಗುತ್ತಾರೆ ಎಂದು ಹೇಳುತ್ತಿಲ್ಲ. ಜನ ಮೆಚ್ಚಿದ್ದು ಅವರ ಮಾತಿನ ಸಹಜತೆಯನ್ನು. ನಮ್ಮಲ್ಲಿ ಎಷ್ಟೋ ಹೆಂಗಸರು ಹಸುವಿನ ಜೊತೆ ಚೆನ್ನಾಗಿ ಮಾತಾಡುತ್ತಾರೆ, ಮೊಬೈಲ್ ಎತ್ತಿದ ಕೂಡಲೇ "ನಮಸ್ಕಾರ ವೀಕ್ಷಕರೇ" ಎಂದು ಟಿವಿಯವರ ದನಿ ತೆಗೆಯುತ್ತಾರೆ. ಅದು ಬೇಡ. "ಏಯ್ ಗೌರಿ, ಸರಿದುಕೋ" ಎನ್ನುವ ದನಿಯಲ್ಲೇ ಮಾತಾಡಿ. ಮಂಡ್ಯದ ಕನ್ನಡವಾಗಲಿ, ಧಾರವಾಡದ ಕನ್ನಡವಾಗಲಿ, ಕೋಲಾರದ ತೆಲುಗು ಬೆರೆತ ಕನ್ನಡವಾಗಲಿ ಕೇಳುವವರಿದ್ದಾರೆ.

ಒಂದು ಗಬ್ಬ, ವರ್ಷದ ಕಥೆ

ಹೊಸದಾಗಿ ಶುರು ಮಾಡಿದವರು ಮೊದಲ ವಾರ ದಿನಕ್ಕೆರಡು ವಿಡಿಯೊ ಹಾಕಿ, ಮೂರನೇ ವಾರಕ್ಕೆ ಸುಮ್ಮನಾಗಿಬಿಡುತ್ತಾರೆ. ಸಾಮಾನ್ಯವಾಗಿ ಕೆಡುವುದು ಇಲ್ಲೇ. ಒಂದು ದಿನ ಇಪ್ಪತ್ತು ಲೀಟರ್ ತಂದು ಮುಂದಿನ ಹತ್ತು ದಿನ ಸಂಘದ ಕಡೆ ತಲೆ ಹಾಕದವರನ್ನು ನಂಬಿ ಯಾವ ಡೇರಿಯೂ ಲಾರಿ ಕಳಿಸುವುದಿಲ್ಲ. ನೋಡುವವರೂ ಅಷ್ಟೇ. ವಾರಕ್ಕೆ ಒಂದೇ ಸಾಕು, ಆದರೆ ಆ ದಿನ, ಆ ಹೊತ್ತಿಗೆ ಬರಬೇಕು. ಶನಿವಾರ ಸಂಜೆ ಏಳು ಎಂದರೆ ಏಳು.

"ವಾರವಾರ ಏನಂತ ಹಾಕೋದು ಮೇಡಂ? ಅದೇ ಹಸು, ಅದೇ ಸಗಣಿ" ಎಂದು ನಗುತ್ತಾರೆ. ನಿಮ್ಮ ಒಂದು ಹಸುವಿನ ಒಂದು ಗಬ್ಬವನ್ನು ಮೊದಲಿಂದ ಕೊನೆಯ ತನಕ ತೋರಿಸಿದರೆ ಸಾಕು, ವರ್ಷಕ್ಕೆ ಆಗುವಷ್ಟು ವಿಷಯ ಅದರಲ್ಲಿದೆ.

ಹಸು ಬೆದೆಗೆ ಬಂದ ದಿನದಿಂದ ಶುರು ಮಾಡಿ. ಲೋಳೆ ಹೇಗಿರುತ್ತದೆ, ಬೇರೆ ಹಸು ಮೇಲೆ ಹತ್ತಿದಾಗ ಸುಮ್ಮನೆ ನಿಲ್ಲುವುದು, ಮೇವು ಬಿಟ್ಟು ಕೂಗುವುದು ಇವೆಲ್ಲ ನಿಮಗೆ ಹೊಸತಲ್ಲ. ಬೆಂಗಳೂರಿನಲ್ಲಿ ಕೆಲಸ ಬಿಟ್ಟು ಊರಿಗೆ ಬಂದು ಎರಡು ಹಸು ಕಟ್ಟಿದ ಹುಡುಗನಿಗೆ ಅದು ಗೊತ್ತಿಲ್ಲ, ಅವನು ಹುಡುಕುತ್ತಿರುವುದು ಅದನ್ನೇ. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೆ ಬೆಳಗ್ಗೆ ಕೃತಕ ಗರ್ಭಧಾರಣೆ ಮಾಡಿಸುವುದು ಎರಡನೇ ವಿಡಿಯೊ. ಇಪ್ಪತ್ತೊಂದನೇ ದಿನದ ಆಸುಪಾಸು ಮತ್ತೆ ಬೆದೆಗೆ ಬರುತ್ತದೋ ಇಲ್ಲವೋ ಎಂದು ಕಾಯುವುದಿದೆಯಲ್ಲ, ಅದು ಮೂರನೆಯದು. ಆ ಕಾಯುವಿಕೆ ಯಾವ ಧಾರಾವಾಹಿಗೂ ಕಡಿಮೆಯಲ್ಲ. ಎರಡೂವರೆ ಮೂರು ತಿಂಗಳಿಗೆ ಡಾಕ್ಟರು ಗಬ್ಬದ ಪರೀಕ್ಷೆ ಮಾಡುತ್ತಾರೆ. ಗಬ್ಬ ನಿಂತಿಲ್ಲ ಎಂದರೂ ಹಾಗೇ ಹೇಳಿ. ಮುಚ್ಚಿಟ್ಟು ಇನ್ನೊಂದು ಹಸು ತೋರಿಸಿದರೆ ನೋಡುವವರಿಗೆ ಗೊತ್ತಾಗುತ್ತದೆ.

ನಡುವೆ ಬರುವ ತಿಂಗಳುಗಳಲ್ಲಿ ಮೇವಿನ ಕೆಲಸವೆಲ್ಲ ಇದೆ. ಮುಸುಕಿನ ಜೋಳದ ತೆನೆ ಹಾಲುಗಾಳಿನ ಹಂತ ದಾಟುವಾಗ ಕತ್ತರಿಸಿ ರಸಮೇವು ತುಂಬುವುದು, ಅಜೋಲಾ ತೊಟ್ಟಿ, ಖನಿಜ ಮಿಶ್ರಣ ದಿನಕ್ಕೆಷ್ಟು, ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ ದಿನ. ಈಯುವುದಕ್ಕೆ ಎರಡು ತಿಂಗಳ ಮುಂಚೆ ಹಾಲು ಬತ್ತಿಸುವುದು ಒಂದು ಮುಖ್ಯ ಪಾಠ. "ಇನ್ನೂ ನಾಲ್ಕು ಲೀಟರ್ ಕೊಡ್ತಿದೆ, ಯಾಕೆ ಬಿಡ್ಲಿ" ಎನ್ನುವ ಅತ್ತೆಗೆ ನೀವು ಏನು ಹೇಳಿದಿರಿ ಎಂಬುದನ್ನೇ ಹೇಳಿ. ಸುಮಾರು 280 ದಿನಕ್ಕೆ ಹಸು ಈಯುತ್ತದೆ. ಕರುವಿಗೆ ಮೊದಲ ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸುವುದು, ಹೊಕ್ಕುಳಿಗೆ ಟಿಂಚರ್ ಅಯೋಡಿನ್, ಮಾಸು ಬೀಳದೆ 12 ಗಂಟೆ ಕಳೆದರೆ ಕೈ ಹಾಕದೆ ಡಾಕ್ಟರನ್ನು ಕರೆಯುವುದು. ಆಮೇಲೆ ಕರುವಿನ ಜಂತುಹುಳದ ಔಷಧಿ, ಕೊಂಬು ಸುಡುವುದು, ಹೆಣ್ಣು ಕರುವಾದರೆ ನಾಲ್ಕರಿಂದ ಎಂಟು ತಿಂಗಳೊಳಗೆ ಕಂದು ರೋಗದ, ಅಂದರೆ ಬ್ರುಸೆಲ್ಲೋಸಿಸ್, ಲಸಿಕೆ.

ಎಣಿಸಿ ನೋಡಿ, ನಲವತ್ತು ವಾರ ಯಾವುದೂ ಖಾಲಿ ಹೋಗುವುದಿಲ್ಲ. ಗೌರಿ ಈಯುವ ವಾರ ಬಂತೆಂದರೆ ಜನ ತಾವಾಗಿಯೇ ಕೇಳುತ್ತಾರೆ, "ಅಕ್ಕ, ಏನಾಯ್ತು?" ಎಂದು.

ಒಂದು ಎಚ್ಚರಿಕೆ. ಈಯಲು ಕಷ್ಟವಾಗುತ್ತಿರುವಾಗ ಮೊಬೈಲ್ ಹಿಡಿದು ನಿಲ್ಲಬೇಡಿ. ಮೊದಲು ಡಾಕ್ಟರಿಗೆ ಅಥವಾ 1962ಕ್ಕೆ ಫೋನ್ ಮಾಡಿ. ಹಾಗೆಯೇ ವಿಡಿಯೊದಲ್ಲಿ ಇಂಜೆಕ್ಷನ್ ಹೆಸರು, ಪ್ರಮಾಣ ಹೇಳಬೇಡಿ. ನಿಮ್ಮ ಹಸುವಿಗೆ ಡಾಕ್ಟರು ಕೊಟ್ಟದ್ದು ಇನ್ನೊಬ್ಬರ ಹಸುವಿಗೆ ವಿಷವಾಗಬಹುದು. ಅದರ ಹಾಲಿನಲ್ಲಿ ಔಷಧಿ ಅಂಶ ಉಳಿದು ಇಡೀ ಸಂಘದ ಕ್ಯಾನ್ ಹಾಳಾಗಲೂಬಹುದು.

ತೆಗೆಯುವ ಬಗೆ

ಇದಕ್ಕೆ ದೊಡ್ಡ ಸಾಮಾನು ಬೇಡ. ಲೆನ್ಸ್ ಅನ್ನು ಸೆರಗಿನ ಮೆತ್ತನೆ ತುದಿಯಿಂದ ಒರೆಸಿ. ಕೊಟ್ಟಿಗೆಯ ಫೋನಿನ ಮೇಲೆ ಬೂಸದ ಧೂಳು ಇದ್ದೇ ಇರುತ್ತದೆ. ಬಾಗಿಲ ಕಡೆ ಬೆನ್ನು ಹಾಕಿ ನಿಂತರೆ ಮುಖ ಕಪ್ಪಾಗುತ್ತದೆ, ಬೆಳಕಿಗೆ ಮುಖ ಮಾಡಿ. ಉದ್ದದ ವಿಡಿಯೊಗೆ ಫೋನ್ ಅಡ್ಡ, ಶಾರ್ಟ್ಸಿಗೆ ನೇರ. ಚಾಫ್ ಕಟರ್ ಓಡುತ್ತಿರುವಾಗ ಮಾತಾಡಬೇಡಿ. ಸಿನಿಮಾ ಹಾಡು ಹಾಕಬೇಡಿ, ಹಾಡಿನ ಹಕ್ಕುದಾರರು ತಕರಾರು ಎತ್ತಿದರೆ ಬರುವ ಹಣ ಅವರ ಪಾಲಾಗಬಹುದು, ವಿಡಿಯೊವೇ ತೆಗೆದು ಹೋಗಬಹುದು. ಕೆಲಸ ಕಡಿಮೆ ಇರುವ ಒಂದು ದಿನ ಮೂರು ನಾಲ್ಕು ತುಣುಕು ತೆಗೆದಿಟ್ಟುಕೊಂಡರೆ ಹಬ್ಬದ ವಾರ, ಮುಟ್ಟಿನ ನೋವಿನ ವಾರ, ನಾಟಿಯ ವಾರ ತಪ್ಪುವುದಿಲ್ಲ. ಯಾವ ದಿನ ಎಷ್ಟು ಹೊತ್ತಿಗೆ ಬರಬೇಕು ಎಂದು ಮೊದಲೇ ಹೇಳಿಟ್ಟರೆ ಯೂಟ್ಯೂಬ್ ತಾನೇ ಹಾಕುತ್ತದೆ.

ಚಂದಾದಾರರು ಎಷ್ಟು ಎಂದು ದಿನಕ್ಕೆ ಹತ್ತು ಸಲ ನೋಡುವ ಚಾಳಿ ಬೇಡ. ಅದು ಲೀಟರಿನ ಲೆಕ್ಕ ಮಾತ್ರ. ಫ್ಯಾಟು, ಎಸ್‌ಎನ್‌ಎಫ್ ಇದ್ದ ಹಾಗೆ ಇಲ್ಲಿ ನೋಡಬೇಕಾದ್ದು ಜನ ಎಷ್ಟು ನಿಮಿಷ ನೋಡಿದರು, ಎಲ್ಲಿ ಬಿಟ್ಟು ಹೋದರು ಎಂಬುದನ್ನು. ಯೂಟ್ಯೂಬ್ ಸ್ಟುಡಿಯೊ ಎಂಬ ಆ್ಯಪಿನಲ್ಲಿ ಅದು ಗೆರೆ ಎಳೆದು ತೋರಿಸುತ್ತದೆ. ಮೊದಲ ಅರ್ಧ ನಿಮಿಷದಲ್ಲೇ ಗೆರೆ ಧೊಪ್ಪನೆ ಬಿದ್ದಿದ್ದರೆ ಪೀಠಿಕೆ ಉದ್ದವಾಯಿತು ಎಂದರ್ಥ.

ಪಟ್ಟಿ ನಿಮ್ಮ ಕೈಯಲ್ಲಿರಲಿ

2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪುಗಳನ್ನು ನಿಷೇಧಿಸಿತು. ಹಳ್ಳಿಯ ಹೆಣ್ಣುಮಕ್ಕಳು ಎಷ್ಟೋ ಜನ ಅದರಲ್ಲಿ ಸಾವಿರಗಟ್ಟಲೆ ಅಭಿಮಾನಿಗಳನ್ನು ಗಳಿಸಿದ್ದರು. ರಾತ್ರಿ ಕಳೆದು ಬೆಳಗಾಗುವುದರಲ್ಲಿ ಒಬ್ಬರೂ ಉಳಿಯಲಿಲ್ಲ. ನಿಷೇಧ ಸರಿಯೋ ತಪ್ಪೋ ಬೇರೆ ಮಾತು. ಕಂಪನಿಯ ಹೊಲದಲ್ಲಿ ನೀವು ಬೆಳೆದ ಬೆಳೆ ಇದು, ಹೊಲ ಅವರದು.

ಅದಕ್ಕೆ ವಿಡಿಯೊ ನೋಡಿ ಫೋನ್ ಮಾಡಿದವರ, ಗೊಬ್ಬರ ಕೊಂಡವರ ಹೆಸರು, ಊರು, ನಂಬರು, ಇಮೇಲ್ ವಿಳಾಸ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹಾಲಿನ ಪಾಸ್‌ಬುಕ್ ಇಟ್ಟಷ್ಟೇ ಜೋಪಾನವಾಗಿ ಇಡಿ. "ತಿಂಗಳಿಗೊಂದು ಸುದ್ದಿ ಕಳಿಸ್ಲಾ?" ಎಂದು ಕೇಳಿ, ಒಪ್ಪಿದವರಿಗೆ ಮಾತ್ರ ಕಳಿಸಿ. ಅವರ ನಂಬರು ಇನ್ನೊಬ್ಬರಿಗೆ ಕೊಡಬೇಡಿ.

ಹೆಚ್ಚಿನವರಿಗೆ ವಾಟ್ಸ್‌ಆ್ಯಪ್ ಸಾಕು. ಗ್ರೂಪ್ ಮಾಡಿದರೆ ಒಬ್ಬರ ನಂಬರು ಎಲ್ಲರಿಗೂ ಕಾಣುತ್ತದೆ, ಶುಭೋದಯದ ಹೂವುಗಳೂ ಶುರುವಾಗುತ್ತವೆ. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದರೆ ಒಂದೇ ಸಲಕ್ಕೆ 256 ಜನಕ್ಕೆ ಹೋಗುತ್ತದೆ, ಒಬ್ಬೊಬ್ಬರಿಗೂ ತಮಗೇ ಬಂದ ಹಾಗೆ ಕಾಣುತ್ತದೆ. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಹಾಗಾಗಿ ಮೊದಲ ಸಲ ಮಾತಾಡಿದಾಗಲೇ "ನಂಬರ್ ಸೇವ್ ಮಾಡ್ಕೊಳ್ಳಿ" ಎಂದುಬಿಡಿ. ವಾಟ್ಸ್‌ಆ್ಯಪ್ ಬಿಸಿನೆಸ್ ಎಂಬ ಆ್ಯಪ್ ಹಾಕಿಕೊಂಡರೆ ಸಾಮಾನಿನ ಫೋಟೊ, ಬೆಲೆ ಸೇರಿಸಿಡಬಹುದು, ಅದಕ್ಕೆ ಹಣ ಕೊಡಬೇಕಿಲ್ಲ.

ಇಮೇಲ್ ನಮಗೇಕೆ ಎನ್ನಬಹುದು. ಪಟ್ಟಣದ ಅಪಾರ್ಟ್‌ಮೆಂಟಿನವರು, ತಾರಸಿ ತೋಟದವರು, ಹೊರದೇಶದಲ್ಲಿದ್ದು ಊರಿನ ಅಪ್ಪ ಅಮ್ಮನಿಗೆ ತುಪ್ಪ ಕೊಡಿಸುವವರು ಇಮೇಲನ್ನು ಸಮಾಧಾನವಾಗಿ ಓದುತ್ತಾರೆ. ತಿಂಗಳಿಗೊಂದು ಪತ್ರ, ಹತ್ತು ಹದಿನೈದು ಸಾಲು ಸಾಕು: ಈ ತಿಂಗಳು ಗೌರಿಗೆ ಏನಾಯಿತು, ಮಳೆ ಹೇಗೆ, ಗೊಬ್ಬರ ಎಷ್ಟು ಮೂಟೆ ತಯಾರಿದೆ, ಬೆಲೆ ಎಷ್ಟು. ಟೈಪ್ ಮಾಡಲು ಬಾರದಿದ್ದರೆ ಫೋನಿನ ಮೈಕ್ ಗುರುತು ಒತ್ತಿ ಕನ್ನಡದಲ್ಲೇ ಹೇಳಿ, ಅದು ಬರೆದುಕೊಳ್ಳುತ್ತದೆ. ಕಳಿಸುವ ಮುಂಚೆ ಮಗಳಿಗೆ ಒಮ್ಮೆ ತೋರಿಸಿ. ಎಲ್ಲರ ವಿಳಾಸವನ್ನೂ 'ಬಿಸಿಸಿ' ಎಂಬ ಸಾಲಿನಲ್ಲಿ ಹಾಕಿದರೆ ಒಬ್ಬರದು ಒಬ್ಬರಿಗೆ ಕಾಣುವುದಿಲ್ಲ.

ತುಪ್ಪದ ಲೆಕ್ಕ

ಆನ್‌ಲೈನ್ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ತುಪ್ಪ. ಮೊದಲು ಲೆಕ್ಕ ಹಾಕೋಣ. ಮಿಶ್ರತಳಿ ಹಸುವಿನ ಹಾಲಿನಲ್ಲಿ ಮನೆಯಲ್ಲಿ ಮೊಸರು ಕಡೆದು ಒಂದು ಕೆ.ಜಿ. ತುಪ್ಪ ತೆಗೆಯಲು ಸುಮಾರು 25ರಿಂದ 30 ಲೀಟರ್ ಹಾಲು ಬೇಕು. ಲೀಟರಿಗೆ 35 ರೂಪಾಯಿಯಂತೆ 28 ಲೀಟರ್ ಎಂದುಕೊಂಡರೆ ಡೇರಿಯಲ್ಲಿ 980 ರೂಪಾಯಿ ಸಿಗುತ್ತಿತ್ತು. ಸೌದೆ ಅಥವಾ ಗ್ಯಾಸು, ಬಾಟಲಿ, ಕೊರಿಯರ್, ದಾರಿಯಲ್ಲಿ ಒಡೆದದ್ದು, ನಿಮ್ಮ ತೋಳಿನ ಶ್ರಮ ಬೇರೆ. ಮಜ್ಜಿಗೆ ಉಳಿಯುತ್ತದೆ, ನಿಜ, ಆದರೆ ಅದಕ್ಕೆ ಮನೆಯವರೇ ಗಿರಾಕಿ. "ಫ್ರೆಂಡ್ಸಿಗೆ ಸಾವಿರಕ್ಕೆ ಕೊಡ್ತೀನಿ" ಎಂದರೆ ನಿಮ್ಮ ದುಡಿಮೆಯನ್ನು ನೀವೇ ದಾನ ಮಾಡಿದ ಹಾಗೆ. ಹಾಲನ್ನು ಸಂಘಕ್ಕೆ ಹಾಕಿ, ಸಗಣಿಯನ್ನು ಎರೆಗೊಬ್ಬರ ಮಾಡಿ ಮಾರುವುದೇ ಎಷ್ಟೋ ಮನೆಗೆ ಲಾಭ. ಒಕ್ಕೂಟದ ಪತ್ರಿಕೆ ಅಲ್ಲವೇ, ಹೀಗೆ ಹೇಳದೆ ಇನ್ನೇನು ಹೇಳುತ್ತದೆ ಎನ್ನಬೇಡಿ. ನಿಮ್ಮ ಮನೆಯ ಬೆಲೆ ಹಾಕಿ ನೀವೇ ಗುಣಿಸಿ ನೋಡಿ.

ಕಾನೂನಿನ ಮಾತೂ ಇದೆ. ಸಹಕಾರ ಸಂಘದ ಸದಸ್ಯರಾಗಿ ತಮ್ಮ ಹಾಲನ್ನೆಲ್ಲ ಸಂಘಕ್ಕೆ ಹಾಕುವ ಉತ್ಪಾದಕರಿಗೆ ಆಹಾರ ಸುರಕ್ಷತಾ ನೋಂದಣಿಯಿಂದ ವಿನಾಯಿತಿ ಇದೆ. ತುಪ್ಪ, ಪೇಡ, ಖೋವಾ ಮಾಡಿ ಹೊರಗೆ ಮಾರಲು ಶುರು ಮಾಡಿದರೆ ಆ ವಿನಾಯಿತಿ ನಿಮಗಿಲ್ಲ. ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ ಆ ನಂಬರನ್ನು ಬಾಟಲಿಯ ಮೇಲೆ ಹಾಕಬೇಕು. ತಯಾರಿಸಿದ ದಿನಾಂಕ, ತೂಕ, ವಿಳಾಸವೂ ಇರಬೇಕು. ಸಂಘದ ಬೈಲಾದಲ್ಲಿ ಹಾಲು ಪೂರೈಕೆ ಬಗ್ಗೆ ಏನಿದೆ ಎಂದು ಕಾರ್ಯದರ್ಶಿಯವರನ್ನು ಕೇಳಿ ತಿಳಿದುಕೊಂಡೇ ಮುಂದುವರಿಯಿರಿ. ಒಕ್ಕೂಟಕ್ಕೆ ಹಾಲು ಹಾಕುತ್ತೇವೆ ಎಂಬ ಕಾರಣಕ್ಕೆ ನಿಮ್ಮ ತುಪ್ಪಕ್ಕೆ 'ನಂದಿನಿ' ಹೆಸರು, ಚಿತ್ರ ಹಾಕುವಂತಿಲ್ಲ.

ಸಕ್ಕರೆ ಕಾಯಿಲೆ ಹೋಗುತ್ತದೆ, ಕೀಲು ನೋವು ಮಾಯ ಎಂದೆಲ್ಲ ಹೇಳಿ ಮಾರಬೇಡಿ. ರೋಗ ಗುಣವಾಗುತ್ತದೆಂದು ಆಹಾರವನ್ನು ಜಾಹೀರು ಮಾಡುವುದು ತಪ್ಪು. 'ಎ2' ಹೆಸರಿನ ಗದ್ದಲವೂ ನಿಮಗೆ ಗೊತ್ತಿರಬಹುದು. 2024ರ ಆಗಸ್ಟಿನಲ್ಲಿ ಎಫ್‌ಎಸ್‌ಎಸ್‌ಎಐ ಹಾಲು, ತುಪ್ಪದ ಮೇಲಿನ ಎ1, ಎ2 ಎಂಬ ಬರಹ ತೆಗೆಯಿರಿ ಎಂದು ಆದೇಶಿಸಿ, ವಾರದೊಳಗೆ ಆ ಆದೇಶ ಹಿಂಪಡೆಯಿತು. ಇಷ್ಟು ಎಳೆದಾಟ ಇರುವ ಪದದ ಮೇಲೆ ಬೆಲೆ ಕಟ್ಟುವುದಕ್ಕಿಂತ "ನಮ್ಮ ಗೌರಿ ಹಾಲಿಂದ, ಈ ಮಂಗಳವಾರ ಕಾಯಿಸಿದ್ದು" ಎಂದು ವಿಡಿಯೊದಲ್ಲಿ ತೋರಿಸಿ ಹೇಳಿದರೆ ಗಿರಾಕಿ ಹೆಚ್ಚು ನಂಬುತ್ತಾರೆ.

ಚಾನೆಲ್ ಯಾರ ಹೆಸರಲ್ಲಿದೆ?

ಹಾಲು ಕರೆಯುವವಳು ಒಬ್ಬಳು, ಸಂಘದ ಸದಸ್ಯತ್ವ ಇನ್ನೊಬ್ಬರ ಹೆಸರಲ್ಲಿ ಎಂಬ ಸ್ಥಿತಿ ಎಷ್ಟು ಮನೆಗಳಲ್ಲಿದೆ ಎಂದು ನಮಗೂ ಗೊತ್ತು, ನಿಮಗೂ ಗೊತ್ತು. ಮಹಿಳಾ ಸಂಘಗಳು ಹುಟ್ಟಿದ್ದಕ್ಕೆ ಅದೂ ಒಂದು ಕಾರಣ. ಈಗ ಮೊಬೈಲಿನಲ್ಲಿ ಮತ್ತೆ ಅದೇ ಆಗುತ್ತಿದೆ. ಮಾತು ನಿಮ್ಮದು, ಹಸು ನಿಮ್ಮದು. ಚಾನೆಲ್ ಮಾತ್ರ ಮೈದುನನ ಜಿಮೇಲ್‌ನಲ್ಲಿ, ಬರುವ ಹಣ ಅವನ ಬ್ಯಾಂಕ್ ಖಾತೆಗೆ. ಮನೆ ಪಾಲಾದ ದಿನ, ಇಲ್ಲವೇ ಆ ಹುಡುಗ ಪಾಸ್‌ವರ್ಡ್ ಮರೆತ ದಿನ ಎರಡು ವರ್ಷದ ದುಡಿಮೆ ಹೋಗುತ್ತದೆ.

ಹಾಗಾಗಿ ಮೊದಲ ವಿಡಿಯೊಗಿಂತ ಮೊದಲು ನಿಮ್ಮ ಹೆಸರಿನಲ್ಲಿ, ನಿಮ್ಮ ಫೋನ್ ನಂಬರಿಗೆ ಒಂದು ಜಿಮೇಲ್ ತೆರೆಯಿರಿ. ಮಗನೋ ಮಗಳೋ ಸಹಾಯ ಮಾಡಲಿ, ಪಾಸ್‌ವರ್ಡ್ ಮಾತ್ರ ನಿಮ್ಮ ಬಳಿ ಬರೆದಿರಲಿ. ಎರಡು ಹಂತದ ಪರಿಶೀಲನೆ ಎಂಬುದನ್ನು ಹಾಕಿಸಿ. ಆ ಸಿಮ್ಮನ್ನು ರೀಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಬಿಡಬೇಡಿ, ನಂಬರು ಬೇರೆಯವರ ಪಾಲಾದರೆ ಖಾತೆ ತೆರೆಯುವ ಬೀಗದ ಕೈಯೂ ಹೋದಂತೆ. ಆದಾಯ ಬರತೊಡಗಿ 10 ಡಾಲರ್ ಆದಾಗ ಗೂಗಲ್‌ನಿಂದ ಒಂದು ಪಿನ್ ನಂಬರು ಅಂಚೆಯಲ್ಲಿ ನಿಮ್ಮ ಮನೆಗೆ ಬರುತ್ತದೆ. ವಿಳಾಸ ಸರಿಯಾಗಿ ಕೊಟ್ಟಿರಿ, ಅಂಚೆಯಣ್ಣನಿಗೂ ಒಂದು ಮಾತು ಹೇಳಿಟ್ಟಿರಿ. ಹಾಲಿನ ಹಣ ಬರುವ ನಿಮ್ಮ ಖಾತೆಯನ್ನೇ ಕೊಡಬಹುದು. ಹಣ ಹೊರದೇಶದಿಂದ ಬರುವುದರಿಂದ ಬ್ಯಾಂಕಿನವರಲ್ಲಿ 'ಸ್ವಿಫ್ಟ್ ಕೋಡ್' ಕೇಳಿ ಬರೆಸಿಕೊಳ್ಳಿ.

ಹೆಸರು ಬಂದ ಹಿಂದೆಯೇ

ಹೆಂಗಸು ಕ್ಯಾಮೆರಾ ಮುಂದೆ ನಿಂತರೆ ಕೆಟ್ಟ ಮಾತು ಬರೆಯುವವರು ಇದ್ದೇ ಇರುತ್ತಾರೆ. ಉತ್ತರ ಕೊಡಲು ಹೋಗಬೇಡಿ. ಅಂಥವರ ಮಾತು ಯಾರಿಗೂ ಕಾಣದಂತೆ ಮಾಡುವ ಗುಂಡಿ ಚಾನೆಲಿನಲ್ಲೇ ಇದೆ, ಒಮ್ಮೆ ಒತ್ತಿದರೆ ಮುಗಿಯಿತು. ಬೆದರಿಕೆ ಹಾಕಿದರೆ, ನಿಮ್ಮ ಫೋಟೊ ತಿರುಚಿದರೆ ಅದರ ಚಿತ್ರ ತೆಗೆದಿಟ್ಟುಕೊಂಡು ಪೊಲೀಸ್ ಠಾಣೆಗೆ ಹೋಗಿ. ಮಕ್ಕಳ ಶಾಲೆಯ ಹೆಸರು, ಮನೆಯಲ್ಲಿ ಯಾರೂ ಇಲ್ಲದ ಹೊತ್ತು, ಮೈಮೇಲಿನ ಒಡವೆ ಇವನ್ನು ವಿಡಿಯೊದಲ್ಲಿ ತೋರಿಸಬೇಡಿ. ವ್ಯಾಪಾರಕ್ಕೆ ಬೇರೆ ನಂಬರು ಇಟ್ಟುಕೊಂಡರೆ ರಾತ್ರಿ ಒಂಬತ್ತಕ್ಕೆ ಅದನ್ನು ಆಫ್ ಮಾಡಿ ಮಲಗಬಹುದು.

ಇನ್ನೊಂದು ಬಗೆಯ ಕರೆ ಬರುತ್ತದೆ. "ನಾನು ಮಿಲಿಟರಿಯವನು, ಕ್ಯಾಂಪಿಗೆ ಇಪ್ಪತ್ತು ಕೆ.ಜಿ. ತುಪ್ಪ ಬೇಕು, ಅಡ್ವಾನ್ಸ್ ಕಳಿಸ್ತೀನಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ." ಗುರುತಿನ ಚೀಟಿಯ ಫೋಟೊವನ್ನೂ ಕಳಿಸುತ್ತಾರೆ. ಹಣ ಬರುವುದಕ್ಕೆ ಎಂದೂ ಪಿನ್ ಹಾಕಬೇಕಿಲ್ಲ. ಪಿನ್ ಹಾಕಿದರೆ ಹೋಗುವುದು ನಿಮ್ಮ ಹಣ. ಹಾಗೆಯೇ ದಿನಕ್ಕೆ 25 ಲೀಟರ್ ಕರೆಯುವ ಎಚ್‌ಎಫ್ ಹಸು ಎಂದು ಫೋಟೊ ತೋರಿಸಿ, ಸಾಗಣೆ ಖರ್ಚಿಗೆ ಮುಂಗಡ ಹಾಕಿ ಎನ್ನುವವರೂ ಇದ್ದಾರೆ. ಹೋಗಿ, ಎರಡು ಹೊತ್ತು ನಿಮ್ಮ ಕಣ್ಣೆದುರೇ ಕರೆಸಿ, ಕೆಚ್ಚಲು ಮುಟ್ಟಿ ನೋಡಿ, ಕಿವಿಯ ಓಲೆಯ ನಂಬರು ಬರೆದುಕೊಂಡ ಮೇಲೆ ಹಣದ ಮಾತು. ನೀವು ರಾಸು ಮಾರುವವರಾದರೂ ಕೊಳ್ಳುವವರಿಗೆ ಹೀಗೇ ಹೇಳಿ.

ಆದರೂ ಹಣ ಹೋಯಿತು ಎಂದರೆ ನಾಚಿಕೆಗೆ, ಗಂಡ ಬೈಯುತ್ತಾನೆಂಬ ಭಯಕ್ಕೆ ಸುಮ್ಮನಿರಬೇಡಿ. 1930ಕ್ಕೆ ಆ ಕ್ಷಣವೇ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ಇನ್ನೊಂದು ಖಾತೆಗೆ ಹೋಗದಂತೆ ತಡೆಯುವ ಸಾಧ್ಯತೆ ಹೆಚ್ಚು. ಕರೆ ಬಂದ ನಂಬರು, ಹಣ ಹೋದ ಸಮಯ, ವಹಿವಾಟಿನ ಸಂಖ್ಯೆ ಕೈಯಲ್ಲಿಟ್ಟುಕೊಂಡಿರಿ.